ಮೂರನೇ ತಂತಿಯ ಕುದುರೆ

ದೊಮಿತಿಲಾ ಕೂತು ಉಂಡಿದ್ದನ್ನು ಮೊನ್ಸಿಯೋನ್ ಊರಿನಲ್ಲಿ ಯಾರೂ ನೋಡಿದವರಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಹಿತ್ತಿಲಿಂದ ಬೀದಿ ಬಾಗಿಲಿಗೆ, ಬೀದಿ ಬಾಗಿಲಿಂದ ಹಿತ್ತಿಲಿಗೆ ಓಡಾಡುತ್ತಲೇ ಬೇಯಿಸಿ ಮಸೆದ ಬಾಳೆಕಾಯಿಯನ್ನೂ ಹುರಿದ ಚೀಸನ್ನೂ ಮುಗಿಸುವ ಹೆಂಗಸು ಆಕೆ. ಇಗರ್ಜಿಯಲ್ಲಿ ಪಾದ್ರಿಯ ಪ್ರವಚನ ಹತ್ತು ನಿಮಿಷ ದಾಟಿತೆಂದರೆ ಬೆಂಚಿನಲ್ಲಿ ಸಡಿಲವಾದ ಸ್ಕ್ರೂ ಹುಡುಕಿ ಉಗುರಿನಲ್ಲೇ ತಿರುಗಿಸಲು ಶುರು ಮಾಡುತ್ತಾಳೆ. "ನೀನು ಒಂದು ಗಳಿಗೆ ಕೂತ್ರೆ ಭೂಕಂಪ ಆಗುತ್ತೆ ಅಂತ ಯಾರಾದ್ರೂ ಹೇಳಿದಾರೇನೇ ಮಾರಾಯ್ತಿ?" ಎಂದು ಗಂಡ ರಾದಾಮೆಸ್ ಕೇಳುವುದುಂಟು. ಅವನು ಬಾಡಿಗೆ ಮೋಟಾರ್ ಸೈಕಲ್ ಓಡಿಸುವವನು, ದಿನವಿಡೀ ಕೂತೇ ದುಡಿಯುವವನು. ಅವನಿಗೇನು ಗೊತ್ತು!

ಅವಳು ತಣ್ಣಗಿರುವುದು ಒಂದೇ ಕಡೆ. ಅಡುಗೆಮನೆಗೆ ತಾಗಿ ತಗಡಿನ ಮಾಡು ಇಳಿಸಿದ ಜಾಗದಲ್ಲಿ ಅವಳ ಕೆಲಸದ ಮೇಜಿದೆ. ಅದರ ಮೇಲೆ ಎಲೆಕ್ಟ್ರಿಕ್ ಗಿಟಾರೊಂದು ಬಂದು ಮಲಗಿತೆಂದರೆ ಅವಳ ಕೈ ಕಾಲು ನಿಲ್ಲುತ್ತವೆ, ಬಾಯಿಯೂ ನಿಲ್ಲುತ್ತದೆ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಅವನ ಹತ್ತಿರ ಬೆಸುಗೆ ಹಾಕುವುದನ್ನು ಕಲಿತಳು, ಹೊಲಿಗೆ ಯಂತ್ರಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಕಟ್ಟಿ ಗಿಟಾರಿನ ನಾದ ಹಿಡಿಯುವ ಸುರುಳಿ ಸುತ್ತುವುದನ್ನು ತಾನೇ ಕಂಡುಕೊಂಡಳು. ಈಗ ಮಾವೊದಿಂದ, ಸಬಾನೆತಾದಿಂದ, ಬೆಟ್ಟದಾಚೆಯಿಂದಲೂ ವಿರಹದ ಕುಣಿತದ ಹಾಡಾದ ಬಚಾತಾ ನುಡಿಸುವವರು ಗಿಟಾರು ಹೊತ್ತುಕೊಂಡು ಇಲ್ಲಿಗೇ ಬರುತ್ತಾರೆ.

ಗಿಟಾರಿನ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಯಜಮಾನನ ಸೋಮಾರಿತನದಿಂದ ಬಂದವು ಎಂಬುದು ಅವಳ ಅಭಿಪ್ರಾಯ, ಮುಲಾಜಿಲ್ಲದೆ ಮುಖದ ಮೇಲೇ ಹೇಳುತ್ತಾಳೆ. "ಬಿರಡೆಗೆ ತಂತೀನ ಹಿಂಗಾ ಸುತ್ತೋದು? ನಿಮ್ಮ ಮನೇಲಿ ದನ ಕಟ್ಟೋ ಹಗ್ಗಕ್ಕೂ ಇದಕ್ಕಿಂತ ಮರ್ಯಾದೆ ಇದೆ." ಶ್ರುತಿ ಜಾರುವುದಕ್ಕೆ ಮದ್ದು ಸುಲಭ. ತಂತಿಯನ್ನು ನೆಟ್ಟಗೆ ಸುತ್ತಬೇಕು, ನಾಲ್ಕು ಸಲ ಜಗ್ಗಿ ಹದ ಮಾಡಬೇಕು, ಮೇಲಿನ ಎಲುಬಿನ ಪಟ್ಟಿಯಲ್ಲಿ ತಂತಿ ಕೂರುವ ಕಚ್ಚಿಗೆ ಪೆನ್ಸಿಲಿನ ಪುಡಿ ತಿಕ್ಕಬೇಕು. ಕಷ್ಟದ ಕಾಯಿಲೆ ಬೇರೆಯದು. ಬಿಟ್ಟ ತಂತಿ ಶ್ರುತಿಯಲ್ಲೇ ಇರುತ್ತದೆ, ಕೊರಳಿನ ಮೇಲಿನ ಮೆಟ್ಟುಗಳಲ್ಲಿ ಒತ್ತಿದ ತಕ್ಷಣ ಸ್ವರ ದಾರಿ ತಪ್ಪುತ್ತದೆ. ಹನ್ನೆರಡನೇ ಮೆಟ್ಟಿನ ಮೇಲೆ ತಂತಿಯನ್ನು ಬರೀ ತಾಕಿಸಿ ಮೀಟಿದರೆ ಬರುವ ಗಂಟೆಯಂಥ ನಾದವೂ ಅಲ್ಲೇ ಒತ್ತಿ ಮೀಟಿದರೆ ಬರುವ ಸ್ವರವೂ ಒಂದೇ ಆಗಿರಬೇಕು. ಆಗದಿದ್ದರೆ ಗಿಟಾರಿನ ಹೊಟ್ಟೆಯ ಮೇಲೆ, ತಂತಿಗೊಂದರಂತೆ ಆರು ಪುಟ್ಟ ಕುದುರೆಗಳಿರುತ್ತವಲ್ಲ, ಅವುಗಳ ಸ್ಕ್ರೂ ತಿರುಗಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಅಕ್ಕಿಕಾಳಿನಷ್ಟು ಸರಿದರೆ ಸಾಕು, ಹಾಡೇ ಬೇರೆ.

ಆ ಶುಕ್ರವಾರ ಮಾತ್ರ ಮೇಜಿನ ಮೇಲೆ ಗಿಟಾರು ಮಲಗಿದ್ದರೂ ದೊಮಿತಿಲಾಳ ಕಾಲು ನಿಲ್ಲಲಿಲ್ಲ. ಅದು ಊರಿನ ಬಚಾತಾ ವಾದಕ ಅನ್ಸೆಲ್ಮೊನ ಗಿಟಾರು. ಮೂರನೇ ತಂತಿಯ ಕುದುರೆ ಹಿಂದೆ ಸರಿದು ಸರಿದು ಲೋಹದ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಇನ್ನು ಅದಕ್ಕೆ ಹೋಗಲು ಜಾಗವಿರಲಿಲ್ಲ.

ಈ ಗಿಟಾರು ಮೊದಲ ಸಲ ಅವಳ ಮೇಜಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅನ್ಸೆಲ್ಮೊಗೆ ಆಗ ಮೂವತ್ತೊಂದು. ಚಿಕ್ಕಂದಿನಿಂದ ರೊಟ್ಟಿಗೆಂದು ಮರಗೆಣಸಿನ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ ಹಿಂಡಿ ಅವನ ಎಡಗೈ ಇಕ್ಕಳದಂತಾಗಿತ್ತು. ಆ ಕೈಯಲ್ಲೇ ಗಿಟಾರಿನ ಕೊರಳು ಹಿಡಿಯುತ್ತಿದ್ದ. ಬೆರಳೋ, ಚುರುಕಾದ ಬೆರಳು. ಬಚಾತಾದ ಅಳುವ ಸ್ವರಗಳನ್ನು ಅವನಂತೆ ಹೆಣೆಯುವವರು ಸುತ್ತಮುತ್ತ ಇರಲಿಲ್ಲ. ಆದರೆ ಒತ್ತುವಾಗ ತಂತಿ ಕೊರಳಿನ ಮರದವರೆಗೂ ಇಳಿಯುವಂತೆ ಒತ್ತುತ್ತಿದ್ದ. ಹಾಗೆ ಒತ್ತಿದರೆ ಸ್ವರ ಏರುತ್ತದೆ. ಅವನ ಕಿವಿಗೆ ಅದು ಕೇಳುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟೆಲ್ಲ ಗಿಟಾರಿನ ಮೇಲೆ.

ದೊಮಿತಿಲಾ ಅಳೆದು ನೋಡಿ ಸರಿಯಾಗಿ ಕೂರಿಸಿ ಕೊಟ್ಟಳು. ಮರುದಿನ ವಾಪಸು ಬಂದ. "ಸರಿ ಆಗಿಲ್ಲ." ಮತ್ತೆ ನೋಡಿದಳು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೂರನೇ ಸಲ ಅವನು ಬಂದಾಗ ಮುಖ ಬಾಡಿತ್ತು. "ಸಾಂತಿಯಾಗೋದಲ್ಲಿ ಮೂವರು ನೋಡಿದ್ರು ದೋನ್ಯಾ, ಯಾರಿಗೂ ಇದರ ರೋಗ ಸಿಗ್ತಿಲ್ಲ. ಇದನ್ನ ಮಾರಿ ಮರಗೆಣಸಿಗೇ ವಾಪಸು ಹೋಗ್ತೀನಿ" ಎಂದ. ರೋಗ ಕೈಯಲ್ಲಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನ ಕಣ್ಣಲ್ಲಿ ನೀರು ನೋಡಿ ನುಂಗಿಕೊಂಡಳು. ಆರೂ ಕುದುರೆಗಳನ್ನು ತಪ್ಪು ಜಾಗಕ್ಕೆ, ಬೇಕೆಂದೇ, ಹಿಂದಕ್ಕೆ ಸರಿಸಿದಳು. ಶ್ರುತಿ ಅಳೆಯುವ ಯಂತ್ರ ಇಟ್ಟು ನೋಡಿದರೆ ಸ್ವರ ಇಳಿದಿದೆ. ಅವನ ಇಕ್ಕಳದ ಕೈಗೆ ಸಿಕ್ಕರೆ ಏರಿ ಸರಿಯಾಗಿ ನಿಲ್ಲುತ್ತದೆ.

ಅನ್ಸೆಲ್ಮೊ ನುಡಿಸಿದ, ಅತ್ತ, ನಕ್ಕ, ಬೀದಿಯ ಅಂಗಡಿಯಿಂದ ತಣ್ಣನೆಯ ಬಿಯರು ತರಿಸಿದ. "ಈ ದೇಶದಲ್ಲಿ ಕಿವಿ ಇರೋದು ನಿಮಗೊಬ್ಬರಿಗೇ!" ಆರು ತಿಂಗಳಿಗೆ ಮಗಳು ಹುಟ್ಟಿದಾಗ ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿ ಹಿಡಿಯಲು ದೊಮಿತಿಲಾಳನ್ನೇ ಕರೆದ. ಹೀಗೆ ಅವಳು ಮಗುವಿಗೆ ಮದ್ರಿನಾ, ಅಂದರೆ ಜ್ಞಾನಸ್ನಾನದ ತಾಯಿ, ಆದಳು, ಅವನು ಅವಳಿಗೆ ಕೊಂಪಾಯ್ ಆದ, ಅವಳು ಅವನಿಗೆ ಕೊಮಾಯ್ ಆದಳು. ಒಡಹುಟ್ಟಿದವರು ಬೀದಿಯಲ್ಲಿ ನಿಂತು ಜಗಳವಾಡಬಹುದು. ಕೊಂಪಾಯ್ ಕೊಮಾಯ್ ನಡುವೆ ಎತ್ತಿದ ದನಿ ಇಲ್ಲ, ಎದುರು ಮಾತಿಲ್ಲ, ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡುವಂತಿಲ್ಲ. ಬಾಯಿಗೆ ಅಂದು ಬಿದ್ದ ಬೀಗ ಇದು. ಅಂದಿನಿಂದ ಪ್ರತಿ ಸಲ ತಂತಿ ಬದಲಿಸುವಾಗಲೂ ಅವಳು ಗಿಟಾರನ್ನು ಅವನ ಕೈಗೆ ತಕ್ಕಂತೆ ಕೆಡಿಸಿ ಕೊಡುತ್ತ ಬಂದಳು. ವಯಸ್ಸಾದಂತೆ ಅವನ ಗೆಣ್ಣುಗಳು ಊದಿದವು, ಒತ್ತು ಇನ್ನೂ ಹೆಚ್ಚಾಯಿತು. ಮೂರನೇ ಕುದುರೆಯ ಹಿಂದಿನ ಸ್ಪ್ರಿಂಗನ್ನು ಅರ್ಧ ಕತ್ತರಿಸಿದಳು, ಆಮೇಲೆ ತೆಗೆದೇ ಹಾಕಿದಳು. ಈ ಗುಟ್ಟು ಗೊತ್ತಿದ್ದದ್ದು ರಾದಾಮೆಸ್‌ಗೆ ಮಾತ್ರ. "ನಿನ್ನ ಹೊಟ್ಟೇಲಿ ಇಷ್ಟು ದಿನ ಹೆಂಗೆ ಉಳೀತೇ ಇದು?" ಎಂದು ಅವನಿಗೇ ಸೋಜಿಗ.

ಅವನೊಬ್ಬನ ಗಿಟಾರಾಗಿಯೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಆದರೆ ಮಗಳು ಯುದೆಲ್ಕಾ ಒಂಬತ್ತನೇ ವಯಸ್ಸಿಗೇ ಅದನ್ನು ಎತ್ತಿಕೊಂಡಳು. ಮನೆಯಲ್ಲಿ ಬೇರೆ ಗಿಟಾರು ಇರಲಿಲ್ಲ. ಅವಳ ಬೆರಳು ಹಗುರ, ತಂತಿಯನ್ನು ಬೇಕಾದಷ್ಟೇ ಒತ್ತುತ್ತಿದ್ದಳು. ಆ ಗಿಟಾರಿನಲ್ಲಿ ಹಾಗೆ ಒತ್ತಿದರೆ ಪ್ರತಿ ಸ್ವರವೂ ಇಳಿದೇ ಬರುತ್ತಿತ್ತು. "ಇಳೀತು! ಮತ್ತೆ ಇಳೀತು! ನಿನ್ನ ತಲೇಲಿ ಕಿವಿ ಇದೆಯೋ ಮರದ ತುಂಡೋ?" ಎಂದು ಅಪ್ಪ ಕೂಗುತ್ತಿದ್ದ. ಹುಡುಗಿ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಲು ನೋಡುತ್ತಿದ್ದಳು, ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. ಹದಿನೈದು ದಾಟಿದ ಮೇಲೆ ಬಿಟ್ಟುಬಿಟ್ಟಳು. ಈಗ ಇಪ್ಪತ್ತೊಂದು. ಹಗಲು ಕಾರ್ಖಾನೆಯಲ್ಲಿ ಮರಗೆಣಸಿನ ರೊಟ್ಟಿಯ ಪೊಟ್ಟಣ ಕಟ್ಟುವ ಕೆಲಸ, ಭಾನುವಾರ ಅಪ್ಪನ ತಂಡದಲ್ಲಿ ಗೀರಾ ಕೆರೆಯುವುದು. ಗೀರಾ ಎಂದರೆ ತೂತು ಹೊಡೆದ ತಗಡಿನ ಕೊಳವೆ. ಅದಕ್ಕೆ ತಾಳವಿದೆ, ಸ್ವರವಿಲ್ಲ. ಅದಕ್ಕೇ ಅವಳಿಗೆ ಅದನ್ನು ಕೊಟ್ಟಿದ್ದರು.

ಇದನ್ನು ನೆನೆಯದಿರಲೆಂದೇ ದೊಮಿತಿಲಾ ಅಷ್ಟು ಓಡಾಡುತ್ತಿದ್ದಳೋ ಏನೋ.

ಭಾನುವಾರ ತಾಯಂದಿರ ದಿನ. ಊರ ಹೊರಗಿನ ಕಾರು ತೊಳೆಯುವ ಜಾಗವೇ ಭಾನುವಾರ ಬಿಯರು, ಬಚಾತಾದ ಅಡ್ಡೆ, ಸಂಜೆ ಐದಕ್ಕೇ ಕುಣಿತ ಶುರು. ವರ್ಷದಲ್ಲೇ ದೊಡ್ಡ ವ್ಯಾಪಾರ. ಹಿಂದಿನ ವಾರ ಅನ್ಸೆಲ್ಮೊನ ಸ್ವರ ಹುಳಿಯಾಗಿತ್ತು, ಕುಣಿಯುವವರೂ ಮುಖ ಕಿವುಚಿದ್ದರು. ಈ ಭಾನುವಾರವೂ ಹಾಗೇ ಆದರೆ ಮಾವೊದಿಂದ ಬೇರೆಯವನನ್ನು ಕರೆಸಿ ಕಾಯಂ ಮಾಡುತ್ತೇನೆಂದು ಆ ಜಾಗದ ಯಜಮಾನ ಹೇಳಿಬಿಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಗಿಟಾರು ತಂದವಳು ಯುದೆಲ್ಕಾ.

"ಆಶೀರ್ವಾದ ಮಾಡಿ, ಮದ್ರಿನಾ."

"ದೇವರು ಒಳ್ಳೇದು ಮಾಡ್ಲಿ ಮಗಳೇ. ಕೆಲ್ಸಕ್ಕೆ ಹೋಗ್ಲಿಲ್ವಾ?"

"ಕರೆಂಟಿಲ್ಲ, ಮನೆಗೆ ಕಳಿಸಿದ್ರು. ಮೂರನೇ ತಂತಿ ತಲೆಹರಟೆ ಮಾಡ್ತಿದೆಯಂತೆ, ಎಂದಿನ ಹಾಗೇ ಕೂರಿಸಬೇಕಂತೆ. ಮಧ್ಯಾಹ್ನ ಅಪ್ಪ ಬರ್ತಾರೆ." ಗಿಟಾರನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು. "ಈ ಭಾನುವಾರ ಒಂದು ಮುಗಿಸಿ ಗೀರಾನೂ ಬಿಡ್ತೀನಿ ಮದ್ರಿನಾ. ಸಾಕು. ಅಪ್ಪನ ಕೈಲಿ ಆಗ್ತಿಲ್ಲ, ನನಗೆ ಬರಲ್ಲ. ನಮ್ಮನೇಲಿ ಸಂಗೀತ ಇಷ್ಟಕ್ಕೇ ಮುಗೀತು ಅಂತ ಕಾಣುತ್ತೆ."

ಅಷ್ಟು ಹೇಳಿ ಪಾತ್ರೆ ತೊಳೆಯಲು ಒಳಗೆ ಹೋದಳು, ಅಳಲೂ ಇಲ್ಲ. ಅತ್ತಿದ್ದರೆ ದೊಮಿತಿಲಾಗೆ ಎಷ್ಟೋ ವಾಸಿಯಿತ್ತು.

ಹೊಸ ತಂತಿಗಳನ್ನು ಹಾಕಿದಳು. ಜಗ್ಗಿದಳು. ಶ್ರುತಿ ಕೂರಿಸಿದಳು. ಮೂರನೇ ಕುದುರೆಯ ಸ್ಕ್ರೂ ತಿರುಗಿಸಿದಳು, ಅದು ಗೋಡೆಗೆ ಒತ್ತಿ ಕಿರುಗುಟ್ಟಿತು. ಅರ ತಂದು ಕುದುರೆಯ ಬೆನ್ನನ್ನೇ ಉಜ್ಜಿದರೆ ಹೇಗೆ ಎಂದು ಯೋಚಿಸಿದಳು, ಅರ ಹುಡುಕಿದಳು, ಸಿಕ್ಕಿದ ಮೇಲೆ ಕೆಳಗಿಟ್ಟಳು. ಹಿತ್ತಿಲಿಗೆ ಹೋಗಿ ಒಣಗದ ಬಟ್ಟೆಗಳನ್ನು ತೆಗೆದು ಮತ್ತೆ ಹರವಿದಳು. ಕೋಳಿಗೆ ಎರಡನೇ ಸಲ ಕಾಳು ಹಾಕಿದಳು. ಅಂಗಾಲು ಸುಟ್ಟ ಬೆಕ್ಕಿನಂತೆ ಮೇಜಿನ ಸುತ್ತ ತಿರುಗಿದಳು. ಅರ ಹಿಡಿದು ಇನ್ನೊಂದು ಅಕ್ಕಿಕಾಳಿನಷ್ಟು ಜಾಗ ಮಾಡಬಹುದು, ಇನ್ನೊಂದು ವರ್ಷ ದೂಡಬಹುದು. ಹುಡುಗಿ ಮಾತ್ರ ಜೀವಮಾನವಿಡೀ ತನಗೆ ಕಿವಿಯಿಲ್ಲ ಎಂದುಕೊಂಡೇ ರೊಟ್ಟಿ ಕಟ್ಟುತ್ತಿರುತ್ತಾಳೆ. ಕೊಂಪಾಯ್‌ಗೆ ಎದುರು ಮಾತಾಡಿದವಳು ಎಂದು ಊರು ಉಗಿಯಬಹುದು. ಎತ್ತಿ ಹಿಡಿದ ಮಗುವನ್ನು ಕೈಬಿಟ್ಟವಳು ಎಂದು ಉಗಿಯುವವರು ಯಾರೂ ಇಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ತನಗೆ ಗೊತ್ತಲ್ಲ!

ಸ್ಕ್ರೂ ತಿರುಗಿಸುವ ಸಣ್ಣ ಸಾಧನವನ್ನು ಎತ್ತಿಕೊಂಡು ಆರೂ ಕುದುರೆಗಳನ್ನು ಮುಂದಕ್ಕೆ ತಂದಳು. ಕರೆಂಟು ಇನ್ನೂ ಬಂದಿರಲಿಲ್ಲ, ಅಳೆಯುವ ಯಂತ್ರ ಕೆಲಸ ಮಾಡುತ್ತಿರಲಿಲ್ಲ. ಗಿಟಾರಿನ ತಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಲೆಬುರುಡೆಯೊಳಗೆ ನಾದ ಕೇಳುತ್ತ, ಒಂದೊಂದೇ ತಂತಿಯನ್ನು ತಾಕಿಸಿ ಮೀಟಿ, ಒತ್ತಿ ಮೀಟಿ, ಎರಡೂ ಒಂದಾಗುವವರೆಗೆ ತಿರುಗಿಸಿದಳು. ಇಪ್ಪತ್ತೆರಡು ವರ್ಷದ ಕೊಳೆ ಕುಳಿತಿದ್ದ ಲೋಹದ ಮೇಲೆ ಕುದುರೆಗಳು ನಿಂತಿದ್ದ ಹಳೆಯ ಗುರುತುಗಳು ಹೊಳೆಯುತ್ತ ಉಳಿದವು.

"ಯುದೆಲ್ಕಾ! ಬಾ ಇಲ್ಲಿ. ನುಡಿಸು."

"ಒಲೆ ಮೇಲೆ ಕಾಫಿ ಇಟ್ಟಿದೀನಿ, ಉಕ್ಕುತ್ತೆ ಮದ್ರಿನಾ."

"ಉಕ್ಕಲಿ! ಬಾರೇ ಅಂದ್ರೆ."

ಬ್ಯಾಟರಿಯ ಪುಟ್ಟ ಸ್ಪೀಕರಿಗೆ ವೈರು ಸಿಕ್ಕಿಸಿ ಗಿಟಾರನ್ನು ಅವಳ ತೊಡೆಯ ಮೇಲಿಟ್ಟಳು. ಹುಡುಗಿ ಬೇಡದ ಮನಸ್ಸಿನಿಂದ ಅಪ್ಪ ದಿನವೂ ನುಡಿಸುವ ಸ್ವರಗಳ ಒಂದು ಎಳೆಯನ್ನು ನುಡಿಸಿದಳು. ಅರ್ಧಕ್ಕೆ ನಿಲ್ಲಿಸಿದಳು. ಮತ್ತೆ ಮೊದಲಿಂದ ನುಡಿಸಿದಳು, ಈ ಸಲ ಕೊನೆಯವರೆಗೆ. ಪ್ರತಿ ಸ್ವರವೂ ಹೋಗಿ ತನ್ನ ಜಾಗದಲ್ಲಿ ಕೂತಿತು. ಎತ್ತರದ ಮೆಟ್ಟುಗಳಿಗೆ ಹೋದಳು, ಅಲ್ಲೂ ಸರಿಯಿತ್ತು. ಅವಳ ಕುತ್ತಿಗೆ ಕೆಂಪಾಯಿತು.

"ಏನು ಮಾಡಿದ್ರಿ ಇದಕ್ಕೆ?"

ದೊಮಿತಿಲಾ ಹೇಳಿದಳು. ನಿಂತೇ ಹೇಳಿದಳು, ಒಂದೇ ಉಸಿರಿಗೆ, ಮುಖ ನೋಡದೆ. ಹುಡುಗಿ ಅಪ್ಪಿಕೊಳ್ಳುತ್ತಾಳೆ ಎಂಬ ಸಣ್ಣ ಆಸೆ ಎಲ್ಲೋ ಇತ್ತು, ಸುಳ್ಳು ಯಾಕೆ ಹೇಳಬೇಕು. ಯುದೆಲ್ಕಾ ಗಿಟಾರನ್ನು ಮೇಜಿನ ಮೇಲೆ ಇಟ್ಟಳು.

"ನಾನು ಇಲ್ಲೇ ಕೂತು ಅಭ್ಯಾಸ ಮಾಡ್ತಿದ್ದೆ ಮದ್ರಿನಾ. ಇದೇ ಸ್ಟೂಲಿನ ಮೇಲೆ. ನೀವು ಅಲ್ಲಿ ನಿಂತು ಬೆಸುಗೆ ಹಾಕ್ತಿದ್ರಿ. ನಾನು ಅಳ್ತಿದ್ರೆ ಸಿಹಿ ಕೊಡ್ತಿದ್ರಿ."

"ಹೌದು."

"ಗೊತ್ತಿದ್ದೂ ಸಿಹಿ ಕೊಡ್ತಿದ್ರಿ!"

"ಹೌದು ಕಣೇ. ಬೈಯಿ. ನನಗೆ ಬೈಯಿ, ಹಗುರಾಗ್ಲಿ."

"ನಿಮಗೆ ಹಗುರಾಗ್ಲಿ ಅಂತ ನಾನು ಬೈಬೇಕಾ?" ಎಂದಳು ಯುದೆಲ್ಕಾ. ಒಳಗೆ ಕಾಫಿ ಉಕ್ಕಿ ಒಲೆ ಆರಿದ ವಾಸನೆ ಬಂತು, ಇಬ್ಬರೂ ಅತ್ತ ಹೋಗಲಿಲ್ಲ.

ಬೀದಿಯಲ್ಲಿ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ರಾದಾಮೆಸ್‌ನ ಹಿಂದಿನಿಂದ ಅನ್ಸೆಲ್ಮೊ ಇಳಿದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಊದಿದ ಎಡಗೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ.

"ಕೊಮಾಯ್! ನಮ್ಮ ರೋಗಿ ಹೇಗಿದ್ದಾನೆ? ಭಾನುವಾರ ಆ ಮಾವೊದವನು ಬಂದ್ರೆ ಕುಣಿಯೋಕೆ ಬರ್ಬೇಕು ಅಷ್ಟೇ, ನುಡಿಸೋಕಲ್ಲ. ಏನೇ ಮಗಳೇ, ಮುಖ ಯಾಕೆ ಹಂಗೆ ಊದಿಸ್ಕೊಂಡಿದೀಯ?"

ಉತ್ತರಕ್ಕೆ ಕಾಯದೆ ಅವನು ಗಿಟಾರು ಎತ್ತಿಕೊಂಡು ಅದೇ ಎಳೆಯನ್ನು ನುಡಿಸಿದ. ನಾಲ್ಕನೇ ಸ್ವರಕ್ಕೇ ಮುಖ ಸಿಂಡರಿಸಿದ. ಎಲ್ಲವೂ ಏರಿ ಕಿರುಚುತ್ತಿತ್ತು.

"ಇದೇನು ಕೊಮಾಯ್, ಪೂರ್ತಿ ಕೆಟ್ಟಿದೆಯಲ್ಲ! ಇನ್ನೊಂದ್ಸಲ ನೋಡಿ."

ರಾದಾಮೆಸ್ ಬಾಗಿಲಲ್ಲೇ ನಿಂತು ಹೆಂಡತಿಯ ಮುಖ ನೋಡಿದ, ವಿಷಯ ಅರ್ಥವಾಗಿ ಟೋಪಿ ತೆಗೆದ.

"ಗಿಟಾರು ಸರಿಯಾಗಿದೆ ಕೊಂಪಾಯ್" ಎಂದಳು ದೊಮಿತಿಲಾ. "ಇವತ್ತೇ ಅದು ಸರಿಯಾಗಿರೋದು. ಇಷ್ಟು ವರ್ಷ ನಾನೇ ಕೆಡಿಸಿ ಕೊಡ್ತಿದ್ದೆ. ನಿಮ್ಮ ಕೈ ಜಾಸ್ತಿ ಒತ್ತುತ್ತೆ. ಮೊದಲಿಂದಾನೂ."

ಅನ್ಸೆಲ್ಮೊ ನಕ್ಕ. ಆಮೇಲೆ ನಗು ನಿಂತಿತು. ಕೂಗಾಡುತ್ತಾನೆ ಎಂದು ಅವಳು ಕಾದಳು. ಕೂಗಾಡಿದ್ದರೆ ತಾನೂ ಕೂಗಾಡಬಹುದಿತ್ತು. ಅವನು ಗಿಟಾರನ್ನು ಮಗಳ ಕಡೆ ಚಾಚಿದ. "ನುಡಿಸು."

ಯುದೆಲ್ಕಾ ಅಪ್ಪನ ಕಡೆ ತಿರುಗದೆ, ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನುಡಿಸಿದಳು. ಮೊದಲು ಅವನ ಎಳೆ. ಆಮೇಲೆ ಅವನದಲ್ಲದ ಒಂದು, ತನ್ನದೇ, ಯಾವಾಗ ಕಟ್ಟಿಟ್ಟುಕೊಂಡಿದ್ದಳೋ ದೇವರಿಗೇ ಗೊತ್ತು. ಅನ್ಸೆಲ್ಮೊ ಕಣ್ಣು ಮುಚ್ಚಿ ಕೇಳಿದ. ಎಲ್ಲೂ "ಇಳೀತು" ಎನ್ನಲಿಲ್ಲ.

ಮುಗಿದ ಮೇಲೆ ಗಿಟಾರನ್ನು ಮೆಲ್ಲಗೆ ವಾಪಸು ತೆಗೆದುಕೊಂಡ. ಮೂರನೇ ತಂತಿಯಲ್ಲಿ ಒಂದೇ ಒಂದು ಸ್ವರ ಒತ್ತಿ ಮೀಟಿದ. ಏರಿತ್ತು. ಒತ್ತು ಸ್ವಲ್ಪ ಕಡಿಮೆ ಮಾಡಿ ಮೀಟಿದ. ಇನ್ನೂ ಏರಿತ್ತು. ಮತ್ತೆ ಕಡಿಮೆ ಮಾಡಿದ. ಊದಿದ ಬೆರಳಿಗೆ ಹಗುರಾಗುವುದೇ ನೋವು. ಹಣೆಯಲ್ಲಿ ಬೆವರು ಮೂಡಿತು. ಏಳೋ ಎಂಟೋ ಸಲ ಮೀಟಿದ ಮೇಲೆ, ಬೆರಳು ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗಿದ್ದಾಗ, ಸ್ವರ ನೆಟ್ಟಗೆ ನಿಂತಿತು.

"ಇಷ್ಟೇನಾ ಕೊಮಾಯ್?"

"ಇಷ್ಟೇ."

ಗಿಟಾರಿನ ಪಟ್ಟಿಯನ್ನು ಮಗಳ ಹೆಗಲಿಗೆ ಏರಿಸಿದ. ಅವಳ ಎತ್ತರಕ್ಕೆ ಅದನ್ನು ಎರಡು ತೂತು ಗಿಡ್ಡ ಮಾಡಬೇಕಾಯಿತು. ಅವನ ಬೆರಳಿಗೆ ಕೊಂಡಿ ಸಿಗಲಿಲ್ಲ, ಅವಳೇ ಹಾಕಿಕೊಂಡಳು. ಆಮೇಲೆ ಅವನು ಫೋನು ತೆಗೆದು ಕಾರು ತೊಳೆಯುವ ಜಾಗದ ಯಜಮಾನನಿಗೆ ಹೇಳಿದ: "ಮಾವೊದವನನ್ನ ಕರೆಸೋದು ಬೇಡ. ಮಗಳು ನುಡಿಸ್ತಾಳೆ. ಹೂಂ, ಅವಳೇ. ಗೀರಾಗೆ ಯಾರನ್ನಾದ್ರೂ ನೋಡೋಣ ಬಿಡು." ದನಿಯಲ್ಲಿ ಎಂದಿನ ಜಂಬವನ್ನು ತರಲು ನೋಡಿದ, ಅರ್ಧ ಬಂತು.

ಯುದೆಲ್ಕಾ ಬೀದಿಗಿಳಿದಳು. ಆಶೀರ್ವಾದ ಕೇಳಲಿಲ್ಲ, ದೊಮಿತಿಲಾ ಬಾಯೊಳಗೇ ಕೊಟ್ಟಳು. ಅನ್ಸೆಲ್ಮೊ ಹೊಸ್ತಿಲಲ್ಲಿ ನಿಂತು ತನ್ನ ಎಡಗೈಯನ್ನು ಜೇಬಿನಿಂದ ತೆಗೆದು ನೋಡಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗ ನನಗೆ ಮೂವತ್ತೊಂದು ಕೊಮಾಯ್. ಬೈದು ಹೇಳಿದ್ದಿದ್ರೆ ಮೇಜು ಗುದ್ದಿ ಎದ್ದು ಹೋಗ್ತಿದ್ದೆ. ಒಂದು ತಿಂಗಳು ನಿಮ್ಮ ಬೀದಿಗೂ ಬರ್ತಿರ್ಲಿಲ್ಲ. ಆದ್ರೆ ಮನೇಲಿ ಕೂತು ಕಲೀತಿದ್ದೆ."